ಗಾಡಿಯಡಿಯ ದೀಪ

ಚಳಿಗಾಲ ಕಳೆಯಲು ಕ್ವಾರ್ಟ್ಜ್‌ಸೈಟಿನ ಮರುಭೂಮಿಗೆ ಬರುವ ಮನೆಗಾಡಿಯವರಲ್ಲಿ ಅರ್ಡಿತ್‌ಳನ್ನು ಅರಿಯದವರು ಕಡಿಮೆ. ವಯಸ್ಸು ಎಪ್ಪತ್ತೊಂದು, ಗಂಡ ಕರ್ಟಿಸ್ ತೀರಿಕೊಂಡು ಆರು ವರ್ಷ. ನೆಬ್ರಾಸ್ಕಾದ ಮನೆ ಮಾರಿದ ಮೇಲೆ ಅವಳಿಗೆ ಮನೆ ಅಂತ ಇದ್ದದ್ದು ಇಪ್ಪತ್ತಾರು ಅಡಿ ಉದ್ದದ ಆ ಹಳೆಯ ಗಾಡಿಯೊಂದೇ. ಹಾಸಿಗೆ, ಒಲೆ, ಕಕ್ಕಸು ಎಲ್ಲ ಅದರೊಳಗೆ, ಮುಂದುಗಡೆ ಸ್ಟೀರಿಂಗ್. ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದದ್ದು ಗಾಡಿಗೆ ದೀಪ ಹೇಗೆ ಹಾಕಿಸಬೇಕು ಎಂದು ಕೇಳುವುದಕ್ಕೆ.

ಬಂದವರನ್ನು ಅವಳು ಕಾಫಿ ಕೊಟ್ಟು ಕೂರಿಸಿ ಹೇಳುತ್ತಿದ್ದಳು: ಹಳೆಯ ಬಲ್ಬು ಕಿತ್ತೆಸೆಯಿರಿ, ಅವು ಬ್ಯಾಟರಿ ಹೀರಿ ಮುಗಿಸುತ್ತವೆ. ಎಲ್‌ಇಡಿ ಹಾಕಿ, ಅದರಲ್ಲೂ ಹಳದಿ ಬೆಳಕಿನದು, ಬಿಳಿಯದಾದರೆ ಆಸ್ಪತ್ರೆಯಲ್ಲಿ ಊಟ ಮಾಡಿದ ಹಾಗಾಗುತ್ತದೆ. ಒಲೆಯ ಮೇಲಿನ ಕಪಾಟಿನ ಅಡಿಗೆ ದೀಪದ ಪಟ್ಟಿ ಅಂಟಿಸಿ, ತರಕಾರಿ ಹೆಚ್ಚುವಾಗ ನಿಮ್ಮ ನೆರಳೇ ನಿಮಗೆ ಅಡ್ಡ ಬರುವುದಿಲ್ಲ. ಮೆಟ್ಟಿಲಿನ ಅಂಚಿಗೆ ಹೊಳೆಯುವ ಟೇಪು. ಹೊರಗಿನ ದೀಪದ ಮುಖ ನೆಲಕ್ಕಿರಲಿ, ಯಾರಾದರೂ ಹತ್ತಿರ ಬಂದಾಗ ಮಾತ್ರ ಹೊತ್ತಿಕೊಳ್ಳಲಿ. ನಕ್ಷತ್ರ ನೋಡಲು ಬಂದ ನೆರೆಯವರ ಶಾಪ ನಿಮಗ್ಯಾಕೆ? ಎಲ್ಲಕ್ಕಿಂತ ಮುಖ್ಯವಾಗಿ, ಸಂಜೆಯಾಗುತ್ತಲೇ ಎಂಜಿನ್ನಿನ ಅಡಿಗೆ ದೀಪದ ಸರ ಹೊತ್ತಿಸಿ. ಇಲ್ಲಿನ ಕಾಡಿಲಿಗಳಿಗೆ ವೈರೆಂದರೆ ಪ್ರಾಣ. ಬೆಳಕಿದ್ದ ಕಡೆ ಗೂಡು ಕಟ್ಟಲು ಮಾತ್ರ ಹಿಂಜರಿಯುತ್ತವೆ.

ಇಷ್ಟೆಲ್ಲ ಯಾಕೆ ಕಲಿತೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದಳು. ಅರ್ಡಿತ್‌ಳ ಕಣ್ಣು ಹೋಗುತ್ತಿತ್ತು. ಎರಡು ವರ್ಷದಿಂದ ನೋಟದ ನಟ್ಟನಡುವೆ ಒಂದು ಕಂದು ಮಬ್ಬು ಬಂದು ಕೂತಿತ್ತು. ಯಾವುದನ್ನು ನೇರವಾಗಿ ನೋಡುತ್ತಾಳೋ ಅದೇ ಮಾಯ. ಉಳಿದದ್ದು ಅಂಚಿನ ನೋಟವಷ್ಟೇ. ಬೆಳಕು ಹೆಚ್ಚಿಸಿದಷ್ಟೂ ಏನೋ ಒಂದಿಷ್ಟು ದಕ್ಕುತ್ತಿತ್ತು, ಅದಕ್ಕೇ ಆ ದೀಪಗಳು. ಇನ್ನು ಗಾಡಿ ಓಡಿಸಬೇಡಿ ಎಂದು ಡಾಕ್ಟರು ಬರೆದುಕೊಟ್ಟಿದ್ದ ಚೀಟಿಯನ್ನು ಸಕ್ಕರೆ ಡಬ್ಬಿಯ ತಳಕ್ಕೆ ತುರುಕಿದ್ದಳು. ಓಡಿಸದಿದ್ದರೆ ಆ ಮನೆಯೇ ಇಲ್ಲ. ಆಮೇಲೆ ಒಮಾಹಾದಲ್ಲಿರುವ ಮಗಳು ಜೋಲೀನಳ ನೆಲಮಾಳಿಗೆಯೇ ಗತಿ. ಅಲ್ಲಿ ಇರುವುದು ಸೂರಿಗೆ ತಾಗಿದಂತೆ ಅಂಗೈಯಗಲದ ಒಂದು ಕಿಟಕಿ. ಅದನ್ನು ನೆನೆದರೆ ಅವಳ ಕೈಕಾಲು ತಣ್ಣಗಾಗುತ್ತಿದ್ದವು. ಓಡಿಸುವುದನ್ನು ನೆನೆದರೂ ತಣ್ಣಗಾಗುತ್ತಿದ್ದವು. ಕಳೆದ ಸಲ ಹೆದ್ದಾರಿಯಲ್ಲಿ ಒಂದು ಸೈಕಲ್ಲು ಇದ್ದಕ್ಕಿದ್ದಂತೆ ಅವಳ ಪಕ್ಕದಲ್ಲೇ ಕಾಣಿಸಿಕೊಂಡಿತ್ತು. ಅಲ್ಲಿಯವರೆಗೆ ಅದು ಅವಳ ಎದುರಿಗೇ ಇತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅವರೆಲ್ಲ ಗಾಡಿ ನಿಲ್ಲಿಸುತ್ತಿದ್ದ ಸರ್ಕಾರಿ ಜಮೀನಿನಲ್ಲಿ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಅವಧಿ ಮುಗಿದವರು ಇಪ್ಪತ್ತೈದು ಮೈಲಿ ಆಚೆ ಹೋಗಬೇಕು. ಜನವರಿಯ ಒಂದು ಗುರುವಾರ ಅವಳ ಹದಿನೈದನೆಯ ದಿನ. ಬೆಳಗಿನ ಓಟ್ಸ್ ಗಂಜಿಯನ್ನು ಅರ್ಧಕ್ಕೇ ಬಿಟ್ಟು ಸ್ಟೀರಿಂಗ್ ಮುಂದೆ ಕೂತಳು. ಕೀಲಿ ತಿರುಗಿಸಿದಳು, ಎಂಜಿನ್ ಕೆಮ್ಮಲೂ ಇಲ್ಲ. ನಿಜ ಹೇಳಬೇಕೆಂದರೆ ಮೊದಲು ಅವಳಿಗೆ ಆ ಕೀಲಿಗೆ ಮುತ್ತಿಡುವಷ್ಟು ಸಮಾಧಾನವಾಯಿತು. ಅದರ ಬೆನ್ನಿಗೇ ಭಯ. ಜಮೀನು ಕಾಯುವ ರೇಂಜರ್ ಬರುತ್ತಾನೆ, ಲೈಸೆನ್ಸ್ ಕೇಳುತ್ತಾನೆ, ಯಾವುದೋ ಕಾಗದ ಮುಂದೆ ಹಿಡಿದು ಓದಿ ಸಹಿ ಹಾಕು ಅನ್ನುತ್ತಾನೆ.

ಪಕ್ಕದ ಗಾಡಿಯ ವೆಂಡೆಲ್ ಬಂದ. ನಲವತ್ತು ವರ್ಷ ಲಾರಿ ಓಡಿಸಿದವನು. ಬಾನೆಟ್ ಎತ್ತಿ ನೋಡಿ ಗಟ್ಟಿಯಾಗಿ ನಕ್ಕ. ಕಳ್ಳಿಯ ಮುಳ್ಳು, ಬಾಟಲಿ ಮುಚ್ಚಳ, ಅವಳದೇ ಒಂದು ಕಾಲುಚೀಲ ಎಲ್ಲ ಸೇರಿಸಿ ಇಲಿಯೊಂದು ಸಂಸಾರ ಹೂಡಿತ್ತು, ವೈರು ತಿಂದು ಮುಗಿಸಿತ್ತು. ಊರಿಗೆಲ್ಲ ಬುದ್ಧಿ ಹೇಳಿ ನಿನ್ನ ಗಾಡಿಯಲ್ಲೇ ಇಲಿಗೆ ಬಾಣಂತನ ಮಾಡಿಸುತ್ತಿದ್ದೀಯಲ್ಲ ಎಂದು ಛೇಡಿಸಿದ. ಅವಳೂ ನಕ್ಕಳು. ಆಮೇಲೆ ಅವನು ಗಾಡಿಯಡಿಗೆ ತೂರಿದ. ಹೊರಬಂದಾಗ ಅವನ ದನಿಯಲ್ಲಿ ನಗುವಿರಲಿಲ್ಲ.

"ದೀಪದ ಸರದ ವೈರು ಕಿತ್ತು ಬಂದಿದೆ. ಭಾನುವಾರದಿಂದ ಅದು ಉರಿದದ್ದೇ ನಾನು ನೋಡಿಲ್ಲ. ದಿನಾ ಸಂಜೆ ಕುರ್ಚಿ ಹಾಕ್ಕೊಂಡು ಅದರ ಎದುರಿಗೇ ಕೂತಿರ್ತೀಯಲ್ಲೇ ಅರ್ಡಿತ್."

ದಿನವೂ ಸ್ವಿಚ್ ಒತ್ತಿದ್ದಳು, ಅದು ಟಕ್ ಎಂದಿತ್ತು, ದೀಪ ಹೊತ್ತಿತೆಂದೇ ನಂಬಿದ್ದಳು.

"ಬ್ಯಾಟರಿ ಉಳೀಲಿ ಅಂತ ನಾನೇ ಆರಿಸಿದ್ದೆ ಕಣೋ," ಅಂದಳು.

ವೆಂಡೆಲ್ ಹೂಂ ಅಂದ. ಆ ಹೂಂ ಅವಳಿಗೆ ಹಿಡಿಸಲಿಲ್ಲ. ಅವನು ಎರಡು ಗಂಟೆ ಕೂತು ವೈರು ಜೋಡಿಸಿದ. ಈ ಸಲ ಎಂಜಿನ್ ಗುಡುಗಿತು. ಎಡಕ್ಕೆ ಹಳ್ಳವಿದೆ, ದಾರಿ ಕಿರಿದು, ನಾನು ಮುಂದೆ ನಿಂತು ತೋರಿಸುತ್ತೇನೆ, ಕೈ ಎತ್ತಿದಾಗ ಮಾತ್ರ ಗಾಡಿ ಬಿಡು ಎಂದು ಹೇಳಿ ಹೋದ. ಅಲ್ಲಿ ಎಲ್ಲರೂ ಎಲ್ಲರಿಗೂ ಮಾಡುವ ಉಪಕಾರ ಅದು.

ಅರ್ಡಿತ್ ಬ್ರೇಕಿನ ಮೇಲೆ ಕಾಲಿಟ್ಟು ಕೂತಳು. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಅಂಚಿನಲ್ಲಿ ಗುಡ್ಡ, ಅಂಚಿನಲ್ಲಿ ಕಳ್ಳಿ. ವೆಂಡೆಲ್ ನಿಂತಿರಬೇಕಾದ ಕಡೆ ಕಂದು ಮಬ್ಬು. ಮುಖ ಓರೆ ಮಾಡಿದರೆ ಅವನು ಸಿಕ್ಕಾನು, ಆದರೆ ಓರೆ ಮಾಡಿದ್ದು ಅವನಿಗೂ ಕಂಡೀತು. ಕಣ್ಣಿದ್ದವರ ಹಾಗೆ ನೆಟ್ಟಗೆ ನೋಡಿದಳು. ಕೈ ಎತ್ತಿದನೋ ಇಲ್ಲವೋ? ಎತ್ತಿರದಿದ್ದರೆ ಗಾಡಿ ಹೋಗುವುದು ಅವನ ಮೇಲೆ. ಬ್ರೇಕನ್ನು ಇನ್ನಷ್ಟು ಒತ್ತಿ ಹಿಡಿದಳು. ಸೈಕಲ್ಲು ನೆನಪಾಯಿತು. ಇನ್ನೂ ಸ್ವಲ್ಪ ಹೊತ್ತು ಕಾದಳು.

"ಅರ್ಡಿತ್."

ದನಿ ಅವಳ ಬೆನ್ನ ಹಿಂದಿನಿಂದ ಬಂತು. ವೆಂಡೆಲ್ ಪಕ್ಕದ ಬಾಗಿಲಿಂದ ಹತ್ತಿ ಒಳಗೇ ನಿಂತಿದ್ದ.

"ಕೈ ಎತ್ತಿ ನಿಂತು ನಿಂತು ಸಾಕಾಯ್ತು," ಅಂದ ಮೆಲ್ಲಗೆ. "ಆಮೇಲೆ ನಡ್ಕೊಂಡು ಬಂದೆ. ನೀನು ಇನ್ನೂ ಅಲ್ಲೇ ನೋಡ್ತಿದ್ದೆ."

ಅವಳು ಎಂಜಿನ್ ಆರಿಸಿದಳು. ಇನ್ನೊಂದು ಸುಳ್ಳಿಗಾಗಿ ಹುಡುಕಿದಳು, ಸಿಗಲಿಲ್ಲ.

"ಕಾಣಿಸಲ್ಲ ಕಣೋ," ಅಂದಳು. "ಸಕ್ಕರೆ ಡಬ್ಬೀಲಿ ಚೀಟಿ ಇದೆ, ನೋಡು."

ಕೀಲಿ ಕಿತ್ತು ಅವನ ಕಡೆ ಚಾಚಿದಳು. ಚಾಚಿದ ಕಡೆ ಅವನ ಕೈ ಇರಲಿಲ್ಲ. ಅವನೇ ಸರಿದು ತೆಗೆದುಕೊಂಡ. ಅರ್ಡಿತ್ ಎದ್ದು, ಸೀಟಿನ ಬೆನ್ನು ತಡವಿ, ಆರು ವರ್ಷದಿಂದ ಯಾರೂ ಕೂರದ ಪಕ್ಕದ ಸೀಟಿನಲ್ಲಿ ಹೋಗಿ ಕೂತಳು. ಇಪ್ಪತ್ತೈದು ಮೈಲಿಯೂ ವೆಂಡೆಲನೇ ಓಡಿಸಿದ. ದಾರಿಯಲ್ಲಿ ಅವಳು ಆಡಿದ್ದು ಒಂದೇ ಮಾತು.

"ಜೋಲೀನ್‌ಗೆ ಇವತ್ತೇ ಹೇಳ್ಬೇಡ."