ಬಂಡೆ ಉಟ್ಟ ಹಸಿರು

ಮೂವತ್ತು ವರ್ಷದಿಂದ ಮೊಳಕಾಲ್ಮೂರಿನಲ್ಲಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಊರವರಿಗೆಲ್ಲ ರೇಷ್ಮೆ ಸೀರೆ ನೇಯ್ದ ವನಜಾಕ್ಷಿ, ಈ ಸಲ ತನಗೇ ಅಂತ ಒಂದು ನೇಯಲು ಹೊರಟಿದ್ದಳು. ನೂಲಿಗೆ ಬಣ್ಣ ಹಾಕುವ ಜಂಪಣ್ಣ ಗಿಳಿಹಸಿರು ತೋರಿಸಿದ, ಮಾವಿನೆಲೆ ಹಸಿರು ತೋರಿಸಿದ. ಎರಡಕ್ಕೂ ಅವಳು ಮೂಗು ಮುರಿದಳು.

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಮನೆ ಹಿಂದಿನ ಗುಡ್ಡದ ಬಂಡೆಗಳು ಹಾವಸೆಯಿಂದ ಮಖಮಲ್ಲು ಹೊದ್ದಂತೆ ಹಸಿರಾಗಿದ್ದವು. "ಇದೇ ನನ್ನ ಸೀರೆ!" ಎಂದು ಅವಳು ಒಂದು ಹಿಡಿ ಕೆರೆದು ಪೊಟ್ಟಣ ಕಟ್ಟಿದಳು. ನಾಲ್ಕು ದಿನ ಬಿಟ್ಟು ಜಂಪಣ್ಣನ ಮುಂದೆ ಬಿಚ್ಚಿದರೆ ಒಳಗೆ ಬರೀ ಕರ್ರಗಿನ ತರಗು.

"ಏನಕ್ಕ ಇದು, ನಶ್ಯನಾ?" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ವನಜಾಕ್ಷಿಗೆ ರೇಗಿತು. ಅವನು ಕುಡಿಯಲು ಕೊಟ್ಟಿದ್ದ ನೀರನ್ನೇ ಅದರ ಮೇಲೆ ಸುರಿದಳು. ಮುದುರಿದ್ದ ಪುಟ್ಟ ಎಲೆಗಳು ಮೆಲ್ಲಗೆ ಬಿಚ್ಚಿಕೊಂಡವು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಗುಡ್ಡದ ಹಸಿರು ಜಂಪಣ್ಣನ ಜಗಲಿ ಮೇಲೆ ಬಂದು ಕೂತಿತ್ತು. ಅವನು ನಗು ನಿಲ್ಲಿಸಿ, ಎದ್ದು ಹೋಗಿ ಬಣ್ಣದ ಹಂಡೆಯ ಒಲೆ ಹಚ್ಚಿದ.

ನೂಲನ್ನು ನಾಲ್ಕನೇ ಸಲ ಅದ್ದಿದಾಗ ಬಣ್ಣ ಕೂಡಿತು. ರೇಷ್ಮೆಯನ್ನು ಒಣಗಿಸಿ, ಹಾವಸೆಯನ್ನು ನೆನೆಸಿ, ಎರಡನ್ನೂ ಬಿಸಿಲಲ್ಲಿ ಪಕ್ಕಪಕ್ಕ ಇಟ್ಟು ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ನಿನ್ನ ಮೊಮ್ಮಗಳು ಉಟ್ರೂ ಈ ಬಣ್ಣ ಹೋಗಲ್ಲ ಕಣಕ್ಕ, ಗ್ಯಾರಂಟಿ," ಎಂದು ಜಂಪಣ್ಣ ಮೀಸೆ ತಿರುವಿದ.

ವನಜಾಕ್ಷಿ ಹಾವಸೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ನಕ್ಕಳು. "ನಿಂದು ಹೋಗಲ್ಲ, ಸರಿ. ಇದು ಎಷ್ಟು ಸಲ ಹೋದ್ರೂ ತಿರುಗಿ ಬರ್ತೈತೆ. ಅಂಥ ಬಣ್ಣ ನಿನ್ನ ಹಂಡೇಲಿ ಐತೇನೋ?"