ಬೋಣಿಯಾಗುವ ತನಕ

ಹೋದ ತಿಂಗಳು ನಿಮ್ಮಲ್ಲಿ ದೊಡ್ಡವಳು ನನ್ನ ಜೊತೆ ಹರಿಹರಕ್ಕೆ ಬಂದಿದ್ದಳು. ಬೆಳಗಿನ ಬಸ್ಸು ಹತ್ತುವಾಗ ಕೇಳಿದಳು, "ಅಜ್ಜಿ, ಬಸ್ಸೆಲ್ಲ ಖಾಲಿ ಐತೆ. ಎಲ್ಲಾರ್ನೂ ದಾಟ್ಕೊಂಡು ನೀನ್ಯಾಕ ಮೊದ್ಲು ಹತ್ತಬೇಕು?" ಸುತ್ತ ಜನ ಇದ್ದರು. "ಸುಮ್ನೆ ಕೂಡು" ಅಂದುಬಿಟ್ಟೆ. ನಾಲ್ಕು ಜನರ ಎದುರು ಮಾತಾಡುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಊರ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಒಂದು ವರ್ಷ ನಾನು ಹೊಸ್ತಿಲು ದಾಟಲಿಲ್ಲ. ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಪಡಸಾಲೆಗೆ ಓಡಾಡುತ್ತಿದ್ದೆ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದೆ. ನಿಮ್ಮ ಅಮ್ಮ ಅಡುಗೆಮನೆಗೆ ಬಂದರೆ ನಾನು ಹೊರಗೆ ಬರುತ್ತಿದ್ದೆ, ಅಲ್ಲಿ ಇಬ್ಬರಿಗಾಗುವಷ್ಟು ಕೆಲಸ ಇರಲಿಲ್ಲ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಎದೆಯೊಳಗೆ ಯಾರೋ ಬೀಸುವ ಕಲ್ಲು ತಿರುಗಿಸಿದ ಹಾಗೆ ಆಗುತ್ತಿತ್ತು.

ನಮ್ಮ ಪಕ್ಕದ ಮನೆಯ ಅಕ್ಕ ಆಗಲೇ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಚೀಲದ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಒಂದು ದಿನ ಗೋಡೆಯ ಆಚೆಯಿಂದಲೇ ಹೇಳಿದಳು. "ಕುಂತು ಕುಂತು ಹುಳ ಬೀಳ್ತೀಯ ನೀನು. ಆ ಕಟ್ಟೆ ಒರೆಸಿ ಒರೆಸಿ ಸವೆಸಿಬಿಟ್ಟೀಯ. ನಮ್ಮಲ್ಲಿ ದಾರ ಕತ್ತರಿಸೋಕೆ ಒಬ್ರು ಬೇಕಂತೆ, ಬಾ."

ಅಕ್ಕಿ ಗಿರಣಿಗಳಿಗೆ ಚೀಲ ಹೊಲಿದು ಕೊಡುವ ಸಣ್ಣ ಫ್ಯಾಕ್ಟರಿ ಅದು. ಹೊಲಿದ ಚೀಲದ ತುದಿಯಲ್ಲಿ ಜೋತುಬೀಳುವ ದಾರ ಕತ್ತರಿಸಿ, ಮಡಚಿ, ಕಟ್ಟು ಕಟ್ಟುವುದು ನನ್ನ ಕೆಲಸ. ಸಂಜೆಗೆ ಬೆರಳು ಮರಗಟ್ಟುತ್ತಿದ್ದವು. ಆದರೆ ಮೊದಲ ದಿನ ಮನೆಗೆ ಬಂದು ಉಂಡು ಮಲಗಿದವಳಿಗೆ ಬೆಳಗಾದದ್ದೇ ತಿಳಿಯಲಿಲ್ಲ. ಆ ನಿದ್ದೆಗಾಗಿ ನಾನು ಆ ಕೆಲಸ ಹಿಡಿದುಕೊಂಡೆ. ಸಂಬಳ ನಿಮ್ಮ ಅಪ್ಪನ ಕೈಗೆ ಕೊಡುತ್ತಿದ್ದೆ, ನಿದ್ದೆ ಮಾತ್ರ ನನ್ನದಾಗಿತ್ತು.

ನಮ್ಮ ಭಾನುವಳ್ಳಿಯಲ್ಲಿ ರಾತ್ರಿ ತಂಗುವ ಖಾಸಗಿ ಬಸ್ಸೇ ಬೆಳಿಗ್ಗೆ ಮೊದಲು ಹರಿಹರಕ್ಕೆ ಹೊರಡುವುದು. ಡ್ರೈವರ್ ಗಾಜು ತೊಳೆದು, ಊದುಬತ್ತಿ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾನೆ. ಜನ ಹತ್ತಿ ಕೂಡುತ್ತಾರೆ. ಹೊರಡುವ ಹೊತ್ತಿಗೆ ಕಂಡಕ್ಟರ್ ಮೊದಲ ಟಿಕೆಟ್ ಹರಿಯುತ್ತಾನೆ. ಅದೇ ಆ ದಿನದ ಬೋಣಿ.

ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ ನಾನು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ಪಕ್ಕದ ಮನೆಯ ಅಕ್ಕ ಹಿಂದಿನಿಂದ ನನ್ನ ಸೆರಗು ಜಗ್ಗಿದಳು.

"ತಡಿಯವ್ವ. ಬೋಣಿ ಆಗ್ಲಿ."

ಯಾಕೆ ಎಂದು ನಾನು ಕೇಳಲಿಲ್ಲ. ಬರೀ ವಿಭೂತಿ ಹಚ್ಚಿದ ಹಣೆ, ಬಳೆಯಿಲ್ಲದ ಕೈ ನನ್ನದೇ ಅಲ್ಲವೇ. ಕೆಳಗಿಳಿದು ಮುಚ್ಚಿದ ಅಂಗಡಿಯೊಂದರ ಪಕ್ಕ ನಿಂತೆ. ಕಂಡಕ್ಟರ್ ಏನೂ ಅಂದಿರಲಿಲ್ಲ, ಪಾಪ. ನಾನು ಇಳಿದಾಗ ಮಾತ್ರ ಅವನ ಮುಖ ಸ್ವಲ್ಪ ಸಡಿಲವಾದದ್ದು ಕಂಡೆ.

ಅಂದಿನಿಂದ ಅದೇ ರೂಢಿಯಾಯಿತು. ಮೊದಲ ಟಿಕೆಟ್ ಹರಿಯುವ ಹೊತ್ತಿಗೆ ಬಸ್ಸು ತುಂಬಿರುತ್ತಿತ್ತು. ಬಾಗಿಲಲ್ಲಿ ಗಂಡಸರು ಜೋತುಬಿದ್ದಿರುತ್ತಿದ್ದರು. ಅಕ್ಕ ಮೊದಮೊದಲು ತನ್ನ ಪಕ್ಕದ ಸೀಟಿನ ಮೇಲೆ ಊಟದ ಚೀಲ ಇಟ್ಟು ಕಾಯುತ್ತಿದ್ದಳು. "ನಿಮ್ಮ ಬುತ್ತಿಗೂ ಒಂದು ಸೀಟೇನ್ರಿ?" ಎಂದು ಯಾರಾದರೂ ಅದನ್ನೆತ್ತಿ ಅವಳ ತೊಡೆಯ ಮೇಲಿಡುತ್ತಿದ್ದರು. ಗಂಡಸರ ಮೈ ತಾಗಿಸಿಕೊಂಡು ಒಳಗೆ ನುಗ್ಗಬೇಕು, ಇಲ್ಲವೇ ಬಿಡಬೇಕು. ಕೆಲವು ದಿನ ನುಗ್ಗುತ್ತಿದ್ದೆ. ಯಾರದೋ ಮೊಣಕೈ ಎಲ್ಲೋ ತಗುಲುತ್ತಿತ್ತು. ಅದು ಬೇಕೆಂದು ತಗುಲಿಸಿದ್ದೋ, ಬಸ್ಸು ಜೋಲಿ ಹೊಡೆದದ್ದಕ್ಕೋ ಎಂದು ಯೋಚಿಸುತ್ತ ಹರಿಹರದವರೆಗೆ ಮೈ ಮುದುಡಿ ನಿಲ್ಲುತ್ತಿದ್ದೆ. ಕೆಲವು ದಿನ ಆಗುತ್ತಿರಲಿಲ್ಲ. ಬಸ್ಸು ಹೊರಟುಹೋಗುತ್ತಿತ್ತು, ನಾನು ಮುಂದಿನ ಬಸ್ಸಿಗೆ ಕಾಯುತ್ತಿದ್ದೆ.

ಹರಿಹರದಲ್ಲಿ ಇಳಿದು ದಾವಣಗೆರೆಯ ಬಸ್ಸು ಹಿಡಿಯಬೇಕು. ಆ ದಾರಿಗೆ ಬಸ್ಸಿನ ಬರ ಇಲ್ಲ, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡೂ ಇಲ್ಲ. ಆದರೆ ರಸ್ತೆ ಬದಿಯಲ್ಲಿ ಬರೀ ಹೆಂಗಸರೇ ನಿಂತದ್ದು ಕಂಡರೆ ಒಬ್ಬೊಬ್ಬ ಡ್ರೈವರ್ ನಡುರಸ್ತೆಗೆ ಹೊರಳಿಸಿಕೊಂಡು ಹೋಗಿಬಿಡುತ್ತಾನೆ. ನಿಂತರೂ ಬಾಗಿಲಲ್ಲೇ ಮಾತು ಶುರುವಾಗುತ್ತದೆ. "ಒಳಗೆ ಸರೀರಿ, ಸರೀರಿ. ಫ್ರೀ ಅಂದ್ರೆ ಬಾಗಿಲಾಗೇ ಮನೆ ಮಾಡ್ಬೇಕೇನು?" ಕಾಲೇಜಿನ ಹುಡುಗಿಯರು ತಿರುಗಿಸಿ ಕೊಡುತ್ತಾರೆ: "ಒಳಗೆ ಜಾಗ ನೀವೇ ಮಾಡಿಕೊಡ್ರಿ, ಬಾಡಿಗೆಗೆ ಬರ್ತೀವಿ." ನಾನು ತಲೆ ತಗ್ಗಿಸಿ ಆಧಾರ್ ಕಾರ್ಡು ತೋರಿಸುತ್ತಿದ್ದೆ. ಮನೆಯಿಂದ ಹೊರಟಾಗಿನಿಂದ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ನಡುವೆ ಎಲ್ಲಿಗೆ ಹೋಗುವುದು?

ಹೀಗೆ ಮೇಲಿಂದ ಮೇಲೆ ತಡವಾಯಿತು. ಫ್ಯಾಕ್ಟರಿಯಲ್ಲಿ ಹೊತ್ತು ಮೀರಿದರೆ ಗೇಟು ಹಾಕುತ್ತಾರೆ. ಸೂಪರ್‌ವೈಸರ್ ನನ್ನ ಮಗನಿಗಿಂತ ಚಿಕ್ಕವನು. ಕೂಗಾಡುವವನಲ್ಲ. ಒಂದು ಸಂಜೆ ಮೆಲ್ಲಗೆ ಹೇಳಿದ, "ನೋಡಮ್ಮ, ನಿಮ್ಮ ಕೆಲಸ ಚೊಲೋ ಐತೆ. ಆದ್ರೆ ನೀವು ಬರೋತನಕ ಚೀಲ ಕಾಯಲ್ಲ. ಇನ್ನೊಂದ್ಸಲ ಹಿಂಗಾದ್ರೆ ಬೇರೆಯೋರನ್ನ ನೋಡ್ಬೇಕಾಗ್ತೈತೆ."

ಆ ರಾತ್ರಿ ಬೀಸುವ ಕಲ್ಲು ಮತ್ತೆ ತಿರುಗಿತು.

ಮಾರನೆಯ ದಿನದಿಂದ ಇನ್ನೂ ಬೇಗ ಹೊರಡತೊಡಗಿದೆ. ಹುಚ್ಚು ನನಗೆ. ಬೇಗ ಹೋದಷ್ಟೂ ನಾನೇ ಮೊದಲಿಗಳಾಗುತ್ತಿದ್ದೆ. ಮೊದಲಿಗಳಾದಷ್ಟೂ ಹಿಂದೆ ಸರಿದು ನಿಲ್ಲಬೇಕಿತ್ತು. ಡ್ರೈವರ್ ಊದುಬತ್ತಿ ಹಚ್ಚುವುದನ್ನು ಅಂಗಡಿಯ ಮರೆಯಿಂದ ನೋಡುತ್ತ, ಯಾರಾದರೂ ಬರಲಿ, ಬೇಗ ಒಂದು ಟಿಕೆಟ್ ಹರಿಯಲಿ ಎಂದು ಸೆರಗಿನ ತುದಿ ತಿರುಚುತ್ತ ನಿಲ್ಲುತ್ತಿದ್ದೆ. ಸೆರಗಿನ ಆ ಮೂಲೆ ಎಳೆ ಎಳೆಯಾಗಿ ಬಿಚ್ಚಿಹೋಯಿತು.

ಹಾಗಿರುವಾಗ ಒಂದು ಅಮಾವಾಸ್ಯೆ ಬಂತು. ಅಮಾವಾಸ್ಯೆಯ ದಿನ ನಮ್ಮ ಕಡೆ ಪ್ರಯಾಣ ಹೊರಡುವವರು ಕಡಿಮೆ. ಪಕ್ಕದ ಮನೆಯ ಅಕ್ಕ ಹಿಂದಿನ ದಿನವೇ ಮಲೇಬೆನ್ನೂರಿನ ತವರಿಗೆ ಹೋಗಿದ್ದಳು. ಬಸ್ಸಿನ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ನಾನು ಅಂಗಡಿಯ ಮರೆಯಲ್ಲಿ. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಕಂಡಕ್ಟರ್ ಕೆಳಗಿಳಿದು ಆ ಕಡೆ ಈ ಕಡೆ ನೋಡಿದ. ನನ್ನನ್ನೂ ನೋಡಿದ, ನೋಡದವನ ಹಾಗೆ ಬೀಡಿ ಹಚ್ಚಿದ. ಬಸ್ಸು ಉರುಳತೊಡಗಿತು.

ಕಾಲು ತಾನೇ ಓಡಿತು. "ತಡೀರಿ" ಎಂದು ಕೂಗಿದ್ದು ನನ್ನದೇ ದನಿ ಎಂದು ಆಮೇಲೆ ತಿಳಿಯಿತು.

ಬಸ್ಸು ನಿಂತಿತು. ಬಾಗಿಲಲ್ಲಿ ಕಂಡಕ್ಟರ್ ಅಡ್ಡ ನಿಂತಿದ್ದ. "ಅಮ್ಮ, ಹಿಂದೆ ಬರೋ ಬಸ್ಸಿಗೆ ಬರ್ರಿ."

"ಗೇಟು ಹಾಕ್ತಾರಪ್ಪ."

"ಇವತ್ತು ಅಮಾಸಿ ಬ್ಯಾರೆ..." ಅವನಿಗೂ ಮುಂದೆ ಹೇಳಲು ನಾಚಿಕೆ. ಸರಿದು ನಿಂತ. ನಾನು ಹತ್ತಿ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತೆ. ದುಡ್ಡು ಚಾಚಿದೆ. "ಇರ್ಲಿ, ಮುಂದಿನ ಸ್ಟಾಪಿನಾಗೆ ಕೊಡೀರಂತೆ" ಅಂದ. ಮುಂದಿನ ಸ್ಟಾಪಿನಲ್ಲಿ ಬೇರೆ ಯಾರದಾದರೂ ಬೋಣಿಯಾಗಲಿ ಎಂದು ಅವನ ಲೆಕ್ಕ. ನನಗೆ ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲು ಬರಲಿಲ್ಲ. ಸಿಟ್ಟಿಗಲ್ಲ. ಆ ಕೈಯನ್ನು ಏನು ಮಾಡಬೇಕೆಂದು ತೋಚಲಿಲ್ಲ, ಅಷ್ಟೇ. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದವನು, "ಹರಿಯೋ ಮಾರಾಯ, ಎಷ್ಟೊತ್ತು ಕೈ ಚಾಚ್ಕೊಂಡು ಕುಂದ್ರಬೇಕು ಆಯಮ್ಮ" ಅಂದ. ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟ.

ಎಷ್ಟೋ ದಿನದ ಮೇಲೆ ಕೂತು ಪ್ರಯಾಣ ಮಾಡುತ್ತಿದ್ದೆ. ಕಿಟಕಿಯ ಆಚೆ ನಾಟಿಯಾದ ಗದ್ದೆಗಳು. ನೋಡಲು ಆಗಲಿಲ್ಲ. ಏನೂ ಆಗದಿರಲಿ, ಏನೂ ಆಗದಿರಲಿ ಎಂಬುದೊಂದೇ ಬಾಯಲ್ಲಿ.

ಮುಂದಿನ ಎರಡು ಸ್ಟಾಪಿನಲ್ಲಿ ಒಂದಿಷ್ಟು ಜನ ಹತ್ತಿದರು. ಕಾಲುವೆ ಏರಿಯ ರಸ್ತೆಗೆ ಬಂದೆವು. ಢಬ್ ಎಂದಿತು. ಬಸ್ಸು ಒಂದು ಕಡೆ ಕುಸಿದು, ತೆವಳಿ, ನಿಂತಿತು. ಹಿಂದಿನ ಟೈರು ಹೋಗಿತ್ತು.

ಎಲ್ಲರೂ ಇಳಿದರು. ಸ್ಟೆಪ್ನಿ ತೆಗೆದು ನೋಡಿದರೆ ಅದರಲ್ಲಿ ಗಾಳಿಯೇ ಇಲ್ಲ. ಮೀಸೆಯ ಮೇಲೆ ಕೈಯಾಡಿಸುತ್ತ ಒಬ್ಬ ತಮಾಷೆಗೆ ಕೇಳಿದ, "ಯಾರ್ದಪ್ಪ ಇವತ್ತು ಬೋಣಿ? ಪುಣ್ಯಾತ್ಮರು ಸ್ವಲ್ಪ ಮುಂದೆ ಬರ್ಲಿ."

ಕಂಡಕ್ಟರ್ ಜಾಕಿ ಹುಡುಕುವವನಂತೆ ಬಗ್ಗಿದ. ಅವನು ಹೇಳುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ಆದರೆ ಅವನು ಒಮ್ಮೆ ನನ್ನ ಕಡೆ ನೋಡಿದ್ದನ್ನು ಜನ ನೋಡಿದರು. ಅವರ ಕಣ್ಣು ನನ್ನ ಹಣೆಗೆ ಬಂತು.

"ನಂದು" ಅಂದೆ.

ಕೇಳಿದವನ ಕೈ ಮೀಸೆಯ ಮೇಲೇ ನಿಂತಿತು. ಯಾರೋ "ಅದಕ್ಕೇ ಮತ್ತೆ" ಎಂದು ಗೊಣಗಿದರು. ಸೊಪ್ಪಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಟೈರಿನ ಹತ್ತಿರ ಹೋಗಿ ಕಾಲಿನಿಂದ ಒದ್ದಳು. "ಬೋಣಿ ಆಕೀದು, ಟೈರು ಮಾಲೀಕಂದು. ನನ್ನ ಗಂಡನ ತಲೆ ಹೆಂಗೆ ಬೋಳಾಗೈತೋ ಹಂಗೈತೆ ಇದು. ಬೈಯೋದಿದ್ರೆ ಮಾಲೀಕಂಗೆ ಫೋನ್ ಹಚ್ರಿ, ಗಂಡಸ್ರಾದ್ರೆ."

ನಕ್ಕರು. ನನಗೆ ನಗು ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಟೈರು ಸವೆದದ್ದು ನನಗೂ ಕಾಣುತ್ತಿತ್ತು. ಆದರೂ ನನ್ನಿಂದಲೇ ಆಯಿತು ಎಂಬುದು ಮನಸ್ಸಿನಿಂದ ಹೋಗಲಿಲ್ಲ. ಅದರ ಜೊತೆಗೇ ಗೇಟು ಹಾಕುವ ಹೊತ್ತು ಹತ್ತಿರವಾಗುತ್ತಿತ್ತು.

ಹರಿಹರದ ಗಿರಣಿಗೆ ಭತ್ತದ ಚೀಲ ಹೇರಿಕೊಂಡು ಒಂದು ಟ್ರ್ಯಾಕ್ಟರ್ ಬಂತು. ಸೊಪ್ಪಿನವಳು ಕೈ ಅಡ್ಡ ಹಿಡಿದು ನಿಲ್ಲಿಸಿ, ಬುಟ್ಟಿ ಎತ್ತಿ ಹಾಕಿ ತಾನೂ ಹತ್ತಿದಳು. "ಬರ್ತೀಯೇನವ್ವ? ಇಲ್ಲಿ ಬೋಣಿ ಗೀಣಿ ಇಲ್ಲ, ಬೀಳ್ದಂಗೆ ಹಿಡ್ಕೊಂಡ್ರೆ ಸಾಕು." ಸೀರೆ ಎತ್ತಿ ಕಟ್ಟಿ, ಅಷ್ಟು ಗಂಡಸರ ಎದುರು ಟ್ರೇಲರಿನ ಚಕ್ರದ ಮೇಲೆ ಕಾಲಿಟ್ಟು ಹತ್ತಿದೆ. ಹರಿಹರದಲ್ಲಿ ಒಂದು ಬಸ್ಸು ನಿಲ್ಲಿಸದೆ ಹೋಯಿತು. ಇನ್ನೊಂದು ಸಿಕ್ಕಿತು. ಕರೂರಿನಲ್ಲಿ ಇಳಿದು ಓಡಿದೆ ಎಂದೇ ಹೇಳಬೇಕು.

ಗೇಟು ಹಾಕಿತ್ತು.

ಸೂಪರ್‌ವೈಸರ್ ಸಣ್ಣ ಬಾಗಿಲು ತೆಗೆದು ನಿಂತ. "ಅಮ್ಮ, ನಿಮ್ಮೂರಿಂದಲೇ ಇನ್ನೊಬ್ರು ಬರ್ತಾರೆ. ದಿನಾ ಟೈಮಿಗೆ ಒಳಗಿರ್ತಾರೆ. ನಿಮಗೊಬ್ರಿಗೇ ಯಾಕ ಬಸ್ಸು ಸಿಗಲ್ಲ?"

ಅದಕ್ಕೆ ಸುಳ್ಳು ಉತ್ತರ ಹೊಳೆಯಲಿಲ್ಲ. ಹೇಳಿಬಿಟ್ಟೆ. ಅಂಗಡಿಯ ಮರೆ, ಮೊದಲ ಟಿಕೆಟ್, ಬಾಗಿಲ ಗಂಡಸರು, ಇವತ್ತಿನ ಟೈರು. ಎಲ್ಲವನ್ನೂ ಗೇಟಿನ ಕಂಬಿ ನೋಡುತ್ತ ಹೇಳಿದೆ. ಪರ ಗಂಡಸಿನ ಎದುರು ಅಷ್ಟುದ್ದ ಮಾತಾಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಅವನು ಕಿವಿಯ ಹಿಂದೆ ಕೆರೆದುಕೊಂಡ. "ಬಸ್ಸಿನ ಶಾಸ್ತ್ರ ನಾನೇನು ಮಾಡ್ಲಮ್ಮ. ಊಟದ ಬೆಲ್ಲಾದ ಮೇಲೆ ಬಂದು ಕೂಡ್ರಿ. ಆದ್ರೆ ನಾಳೆ ಗೇಟು ಹಾಕೋಕೆ ಮುಂಚೆ ಒಳಗಿರ್ಬೇಕು. ಮೊದ್ಲು ಹತ್ತಿ ಬರ್ತೀರೋ, ಕೊನೇಗೆ ಹತ್ತಿ ಬರ್ತೀರೋ, ನನಗೆ ಗೊತ್ತಿಲ್ಲ. ಇದು ಕೊನೇದು."

ಮಧ್ಯಾಹ್ನದ ತನಕ ಗೋಡೆಯ ನೆರಳಿನ ಜೊತೆಗೇ ಸರಿಯುತ್ತ ನಿಂತೆ. ಕೂಡಲು ಆಗಲಿಲ್ಲ. ನಾಳೆ ಹಿಂದೆ ನಿಂತರೆ ಈ ಗೇಟಿಲ್ಲ, ಮತ್ತೆ ಪಡಸಾಲೆ, ಹಿತ್ತಿಲು. ಮುಂದೆ ಹತ್ತಿದರೆ ಎಷ್ಟು ಜನರ ಬಾಯಿ. ಎರಡನ್ನೂ ತೂಗಿ ತೂಗಿ ನೆರಳು ಮುಗಿಯಿತು.

ಮಾರನೆಯ ಬೆಳಿಗ್ಗೆ ಅಕ್ಕ ವಾಪಸು ಬಂದಿದ್ದಳು. ಟೈರಿನ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಡ್ರೈವರ್ ಊದುಬತ್ತಿ ಸಿಕ್ಕಿಸಿ ಕೈ ಮುಗಿದ. ನಾನು ನೆಟ್ಟಗೆ ಬಾಗಿಲಿಗೆ ಹೋದೆ. ಅಕ್ಕ ಸೆರಗು ಹಿಡಿದಳು.

"ನಿಂಗೇನು ಬುದ್ಧಿ ಇಲ್ಲೇನು? ಏನಾರ ಆದ್ರೆ ನಿನ್ನ ತಲಿಗೇ ಕಟ್ತಾರೆ."

"ನಿನ್ನೆ ಕಟ್ಟಿದ್ರಕ್ಕ. ಹೊತ್ಕೊಂಡು ಬಂದೀನಿ. ಸೆರಗು ಬಿಡು."

"ನಾ ನಿನ್ನ ಒಳ್ಳೇದಕ್ಕೇ ಹೇಳಿದ್ದು."

"ಹೌದಕ್ಕ, ಗೊತ್ತೈತೆ. ಬಿಡು."

ಬಿಟ್ಟಳು. ಹತ್ತಿದೆ. ಎರಡನೇ ಮೆಟ್ಟಿಲಿಗೆ ಬೆರಳು ಎಡವಿತು, ಆದರೂ ಹತ್ತಿದೆ. ಕಂಡಕ್ಟರ್ ಡ್ರೈವರಿನ ಮುಖ ನೋಡಿದ, ಡ್ರೈವರ್ ಗಾಜು ಒರೆಸುತ್ತಿದ್ದ. ಹೊರಡುವ ಹೊತ್ತಿಗೆ ಕಂಡಕ್ಟರ್ ಬಂದು ಮೊದಲು ನನ್ನ ಟಿಕೆಟ್ ಹರಿದ. ಹೊಸ ಟೈರಿನ ವಾಸನೆ ಒಳಗೆಲ್ಲ ತುಂಬಿತ್ತು. ಅವತ್ತು ಗೇಟು ಹಾಕುವ ಮೊದಲೇ ನಾನು ಚೀಲದ ರಾಶಿಯ ಮುಂದೆ ಕೂತಿದ್ದೆ. ಸೂಪರ್‌ವೈಸರ್ ನೋಡಿ ಮುಂದೆ ಹೋದ. ಮೊದಲ ಚೀಲದಲ್ಲಿ ದಾರದ ಬದಲು ಅಂಚನ್ನೇ ಕತ್ತರಿಸಿದೆ.

ಕೆಲಸ ಉಳಿಯಿತು, ಮಕ್ಕಳೇ. ಮೊದಲು ಹತ್ತಿ ಮೊದಲ ಟಿಕೆಟ್ ತೆಗೆಸಿದರೇನೇ ನನಗೆ ಆ ಬಸ್ಸು ಉಂಟು. ಒಂದು ದಿನ ಹಿಂದೆ ಸರಿದೆನೆಂದರೆ ಮತ್ತೆ ಸರಿಯುತ್ತಲೇ ಇರುತ್ತೇನೆ, ಅದು ನನಗೆ ಗೊತ್ತು. ಅಕ್ಕ ಫ್ಯಾಕ್ಟರಿಯಲ್ಲಿ ನನ್ನ ಜೊತೆಗೇ ಉಣ್ಣುತ್ತಾಳೆ, ಚಟ್ನಿಪುಡಿ ಹಂಚಿಕೊಳ್ಳುತ್ತಾಳೆ. ಬಸ್ಸಿನಲ್ಲಿ ಮಾತ್ರ ಇನ್ನೂ ಎರಡು ಸೀಟು ಹಿಂದೆ ಕೂಡುತ್ತಾಳೆ. ನಾನು ಕರೆದಿಲ್ಲ, ಅವಳು ಬಂದಿಲ್ಲ. ಕಾಲುವೆ ಏರಿಗೆ ಬಂದಾಗ ನನ್ನ ಕಿವಿ ಚಕ್ರದ ಸದ್ದಿನ ಕಡೆಗೇ ಇರುತ್ತದೆ. ಕಲ್ಲು ಸಿಡಿದರೂ ಕಂಬಿ ಬಿಗಿಯಾಗಿ ಹಿಡಿಯುತ್ತೇನೆ. ಕರೂರಿನಲ್ಲಿ ಇಳಿದು ಕತ್ತರಿ ಹಿಡಿದ ಮೇಲೆಯೇ ಅಂಗೈಯ ಬೆವರು ಆರುವುದು. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ.