ಇಲಿ ಸುಮ್ಮನಾದ ದಿನ

ಕಳೆದ ವಾರ ನಾಶಿಕ್‌ನ ನಮ್ಮ ಮಕ್ಕಳ ಕೇಂದ್ರಕ್ಕೆ ಬಡಗಿ ಬಂದು ಬಾಗಿಲು ಹೆರೆದು ಹೋದ. ನೆಲ ಒರೆಸಿದಾಗ ಮೂಲೆಯಲ್ಲಿ ಉಳಿದಿದ್ದ ಮರದ ಹೊಟ್ಟು ನೀರು ಕುಡಿದು ವಾಸನೆ ಬಿಟ್ಟಿತು. ಉಳಿದವರು ಮೂಗು ಮುಚ್ಚಿಕೊಂಡರು. ನಾನು ಅಲ್ಲೇ ನಿಂತುಬಿಟ್ಟೆ. ಸಂಭಾಜಿನಗರದ ಚಿಕಲಠಾಣಾದ ಪ್ರಯೋಗಾಲಯದಲ್ಲಿ, ಇಲಿಗಳ ಪಂಜರಕ್ಕೆ ಹಾಸುತ್ತಿದ್ದ ಹೊಟ್ಟು ಹೀಗೇ ನಾರುತ್ತಿತ್ತು... ಆ ಪಂಜರಗಳ ನಡುವೆ ಕೂತಿರುತ್ತಿದ್ದರು ನಮ್ಮ ಮೇಡಂ.

ಅವರು ಮೆದುಳಿನ ವಿಜ್ಞಾನಿ, ಭಾಲ್ಕಿ ಕಡೆಯವರು. ಹೊರದೇಶದಲ್ಲಿ ಓದಿ ಬಂದು, ಒಂದು ಪ್ರಯೋಗಾಲಯಕ್ಕಾಗಿ ವರ್ಷಗಟ್ಟಲೆ ಅಲೆದು, ಕೊನೆಗೆ ಖಾಸಗಿ ಸಂಸ್ಥೆಯೊಂದರ ಮೇಲ್ಮಹಡಿಯಲ್ಲಿ ಎರಡು ಕೋಣೆ ಗಿಟ್ಟಿಸಿದ್ದರು. ಆಗಷ್ಟೇ ಎಂಎಸ್ಸಿ ಮುಗಿಸಿದ್ದ ನಾನು ಅವರ ಸಹಾಯಕಿ. ನಮ್ಮಪ್ಪ ಕಲಬುರಗಿಯಿಂದ ಬ್ಯಾಂಕಿನ ವರ್ಗಾವಣೆಯಲ್ಲಿ ಬಂದವರು. ನನ್ನ ಕನ್ನಡದಲ್ಲಿ ಅರ್ಧ ಮರಾಠಿ. ಮೇಡಂ ಅಲ್ಲಿ ಕನ್ನಡ ಆಡುತ್ತಿದ್ದದ್ದು ನನ್ನೊಬ್ಬಳ ಜೊತೆ, ಅದೂ ಹೆಚ್ಚಾಗಿ ಸಿಟ್ಟು ಬಂದಾಗ. ಸಿಟ್ಟು ದಿನಾ ಬರುತ್ತಿತ್ತು.

ಅವರ ತಮ್ಮನಿಗೆ ಆಟಿಸಂ ಇತ್ತು. ಒಂದೇ ಸಲ ಹೇಳಿದ್ದರು. "ಬಾಗಲದ ಚಿಲಕ ಹಾಕೋದು, ತೆಗಿಯೋದು, ಹಾಕೋದು... ಮುಂಜಾನಿಂದ ಸಂಜಿತನಕ ಅದೇ. ಮನ್ಯಾಗ ಅವನ ಕೈ ಕಟ್ಟಿ ಕೂಡಸ್ತಿದ್ರು."

ಆಟಿಸಂಗೆ ಸಂಬಂಧಪಟ್ಟ ಒಂದು ಜೀನ್ ನಮ್ಮ ಇಲಿಗಳಲ್ಲಿ ಕೆಟ್ಟಿತ್ತು. ಅವು ಬಿಡದೆ ಮುಖ ತಿಕ್ಕಿಕೊಳ್ಳುತ್ತಿದ್ದವು. ಕೂದಲು ಉದುರಿ ಗಾಯವಾದರೂ ನಿಲ್ಲಿಸುತ್ತಿರಲಿಲ್ಲ. ಮೆದುಳಿನ ಆಳದ ಯಾವ ಕೋಶಗಳು ಹೀಗೆ ಮಾಡಿಸುತ್ತವೆ ಎಂದು ಹುಡುಕುವುದೇ ಮೇಡಂ ಕೆಲಸ. ಬಹಳ ಕಾಲ ಏನೂ ಸಿಗಲಿಲ್ಲ. ಒಂದು ಮಧ್ಯಾಹ್ನ, ಅನುಮಾನವಿದ್ದ ಕೋಶಗಳನ್ನು ಔಷಧಿಯಿಂದ ತಣ್ಣಗಾಗಿಸಿದ ಮೇಲೆ, ಇಲಿ ಮುಂಗಾಲು ಕೆಳಗಿಟ್ಟು ಸುಮ್ಮನಾಯಿತು.

"ಮೇಡಂ, ನಿಂತಿತ್ರೀ!" ಎಂದು ಕೂಗಿದೆ.

ಅವರು ನಗಲಿಲ್ಲ. "ನಿಂತದ, ಖರೆ. ಆದ್ರ ಅದಕ್ಕ ಆರಾಮ ಆಗ್ಯದೇನು, ನೋಡು."

ಇಲಿ ಮೂಲೆಗೆ ಹೋಗಿ ಗೋಡೆಗೆ ಅಂಟಿಕೊಂಡು ನಡುಗುತ್ತಿತ್ತು. ಇನ್ನೊಂದು ಇಲಿ ಹತ್ತಿರ ಬಂದರೆ ಚೀರುತ್ತಿತ್ತು. ಮೊದಲು ಹೀಗೆ ಮಾಡುತ್ತಿರಲಿಲ್ಲ. ಹಾಗಾದರೆ ಆ ತಿಕ್ಕಾಟವೇ ಅದರ ಭಯವನ್ನು ತಡೆದಿಟ್ಟಿತ್ತೇ? ಮುಂದೆ ಕೆಲವು ಇಲಿಗಳಲ್ಲಿ ಹೀಗೇ ಆಯಿತು, ಕೆಲವುಗಳಲ್ಲಿ ಆಗಲಿಲ್ಲ. ಇನ್ನಷ್ಟು ನೋಡಬೇಕಿತ್ತು.

ಸಂಸ್ಥೆಯ ಮುಖ್ಯಸ್ಥರಿಗೆ ಅಷ್ಟು ತಾಳ್ಮೆ ಇರಲಿಲ್ಲ. ನಿಂತಿತಲ್ಲ, ಅಷ್ಟನ್ನೇ ಬರೆದು ಕಳಿಸಿ ಎಂದು ಮರಾಠಿಯಲ್ಲಿ ಗದರಿದರು. ಮೇಡಂ ಒಪ್ಪಲಿಲ್ಲ. ತಿಕ್ಕಾಟ ನಿಂತದ್ದು, ಭಯ ಕಂಡದ್ದು ಎರಡನ್ನೂ ಬರೆದು ಕಳಿಸಿದರು. ಇನ್ನೊಂದು ಸುತ್ತು ಪ್ರಯೋಗ ಮಾಡಿ ತೋರಿಸಿ ಎಂದು ವಿಜ್ಞಾನ ಪತ್ರಿಕೆಯವರು ಹಿಂತಿರುಗಿಸಿದರು.

"ಅವರು ಕೇಳೋದು ಬರೋಬರಿ ಅದ," ಎಂದರು ಮೇಡಂ. "ಅದಕ್ಕೇ ತಲಿ ಕೆಡ್ತದ."

ಆ ಬೇಸಿಗೆಯ ಒಂದು ಭಾನುವಾರ ಇಲಿಗಳ ಕೋಣೆಯ ಎಸಿ ಕೆಟ್ಟಿತು. ಸೋಮವಾರ ಬಾಗಿಲು ತೆಗೆದಾಗ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ತಲೆಮಾರುಗಳಿಂದ ಬೆಳೆಸಿದ್ದ ತಳಿ ಪೂರ್ತಿ ಪಂಜರಗಳಲ್ಲೇ ಸತ್ತಿತ್ತು. ಮೇಡಂ ಒಂದೊಂದೇ ಇಲಿಯನ್ನು ಮುಟ್ಟಿ ನೋಡಿದರು. ಆಮೇಲೆ ಅಲ್ಲಿದ್ದ ಸ್ಟೂಲನ್ನು ಕಾಲಿನಿಂದ ಒದ್ದರು. ಅದು ಉರುಳಿ ಗೋಡೆಗೆ ಬಡಿಯಿತು.

"ಬ್ಯಾರೆ ಇಲಿ ತರಸೂಣು. ಮತ್ತ ಸುರು ಮಾಡೂಣು."

ಅದಕ್ಕೆ ಮುಖ್ಯಸ್ಥರ ಒಪ್ಪಿಗೆ ಬೇಕಿತ್ತು. ನಾಳೆ, ಮುಂದಿನ ಮೀಟಿಂಗಿಗೆ, ಹಬ್ಬ ಕಳೆಯಲಿ... ಹೀಗೆ ಕಾಯುತ್ತಿರುವಾಗಲೇ ಮೇಡಂಗೆ ಕಾಯಿಲೆ ಬಂತು. ಆಸ್ಪತ್ರೆಯಲ್ಲಿ ನಾನು ಹೋದಾಗಲೆಲ್ಲ ಕೇಳುತ್ತಿದ್ದದ್ದು, "ಇಲಿ ಬಂದ್ವೇನು?"

"ಬರ್ತಾವ್ರಿ," ಎನ್ನುತ್ತಿದ್ದೆ. ಕೊನೆಯ ಸಲ ಅವರು ಮುಖ ಆಚೆ ತಿರುಗಿಸಿಕೊಂಡರು.

ಅವರು ತೀರಿಕೊಂಡ ಮೇಲೆ ಆ ಎರಡು ಕೋಣೆಗಳಿಗೆ ಬೇರೆ ಕಚೇರಿ ಬಂತು. ನಾನು ನಾಶಿಕ್‌ಗೆ ಬಂದು, ಆಟಿಸಂ ಇರುವ ಮಕ್ಕಳ ಕೇಂದ್ರ ಸೇರಿಕೊಂಡೆ.

ನಿನ್ನೆ ತಂದೆಯೊಬ್ಬರು ಮಗಳನ್ನು ಕರೆತಂದಿದ್ದರು. ಹುಡುಗಿ ಕೆನ್ನೆ ಉಜ್ಜಿ ಉಜ್ಜಿ ಕೆಂಪಾಗಿಸಿಕೊಂಡಿದ್ದಳು. ಗಾಯವಾಗದಂತೆ ಹೇಗೆ ನೋಡಿಕೊಳ್ಳಬೇಕೆಂದು ಹೇಳಿಕೊಟ್ಟೆ. ಅವರು ಕೇಳಿಸಿಕೊಂಡು, "ಅದು ಸರಿ. ಪೂರ್ತಿ ನಿಲ್ಲಿಸಿಬಿಟ್ಟರೆ ಅವಳಿಗೆ ಒಳಗೆ ಏನನ್ನಿಸುತ್ತದೆ?" ಎಂದರು.

ನಾನು ಕಂಡದ್ದು ಕೆಲವು ಇಲಿಗಳನ್ನು, ಅದೂ ಅರ್ಧಕ್ಕೆ ನಿಂತ ಕೆಲಸದಲ್ಲಿ. ಅದರ ಆಧಾರದ ಮೇಲೆ ಒಂದು ಮಗುವಿನ ಬಗ್ಗೆ ಮಾತಾಡುವ ಹಕ್ಕು ನನಗಿಲ್ಲ. "ನಮಗೆ ಇನ್ನೂ ಸರಿಯಾಗಿ ಗೊತ್ತಿಲ್ಲ," ಎಂದೆ.

"ಮತ್ತೆ ಇಷ್ಟು ವರ್ಷ ಏನು ಮಾಡಿದಿರಿ?" ಎಂದು ರೇಗಿ, ಮಗಳ ಕೈ ಹಿಡಿದುಕೊಂಡು ಹೊರಟುಹೋದರು. ಅದಕ್ಕೆ ಉತ್ತರ ಹೇಳಬಲ್ಲವರು ಮೇಡಂ ಒಬ್ಬರೇ ಇದ್ದರು...